ಫೈನಲ್ ಫ್ಯಾಂಟಸಿ 4 ಆಡುವುದು ಹೇಗೆ: ಯಾವ ವರ್ಷನ್ ತಗೋಬೇಕು, ಎಲ್ಲಿ ಹೊಡೀಬೇಕು, ಎಲ್ಲಿ ಸುಮ್ನಿರಬೇಕು

ನಾನು ಈ ಜಪಾನಿ ವಿಡಿಯೋ ಗೇಮ್‌ನಲ್ಲಿ ಮೊದಲ ಸಲ ಸೋತದ್ದು ಶುರುವಿನಲ್ಲೇ, ಮಿಸ್ಟ್ ಗುಹೆಯ ಡ್ರ್ಯಾಗನ್ ಎದುರು. ಅದು ಮಂಜಾಗಿ ಕರಗಿತು. ನಾನು ಹೊಡೆದೆ. ತಣ್ಣನೆ ಗಾಳಿ ಬೀಸಿ ನನ್ನ ಇಬ್ಬರು ಪಾತ್ರಗಳಿಗೂ ಪೆಟ್ಟು ಬಿತ್ತು. ಮತ್ತೆ ಹೊಡೆದೆ, ಮತ್ತೆ ಬಿತ್ತು. ಲೆವೆಲ್ ಸಾಲದೇನೋ ಅಂದುಕೊಂಡು ಹೊರಗೆ ಹೋಗಿ ಒಂದು ಗಂಟೆ ಸಣ್ಣಪುಟ್ಟ ಪ್ರಾಣಿಗಳನ್ನು ಹೊಡೆದು ಬಂದೆ. ಆಗಲೂ ಸೋತೆ. ಆಮೇಲೆ ಗೊತ್ತಾಯಿತು, ಬೇಕಾಗಿದ್ದು ಬಲ ಅಲ್ಲ, ಅದು ಮಂಜಾದಾಗ ಕೈ ಕಟ್ಟಿ ಕೂರಬೇಕು ಅಷ್ಟೇ.

ಇಡೀ ಗೇಮ್‌ಗೆ ಇದೇ ಕೀಲಿ. ಇಲ್ಲಿನ ಬಾಸ್‌ಗಳಲ್ಲಿ, ಅಂದರೆ ಪ್ರತಿ ಘಟ್ಟದಲ್ಲಿ ಎದುರಾಗುವ ದೊಡ್ಡ ಎದುರಾಳಿಗಳಲ್ಲಿ, ಸುಮಾರು ಜನ ಯಾವಾಗ ಹೊಡೆಯಬಾರದು ಅನ್ನೋದನ್ನೇ ಕಲಿಸುತ್ತಾರೆ. ಕಥೆಯೂ ಅದರದ್ದೇ. ಹೊಡೆ ಅಂದಾಗ ಹೊಡೆದು ಬಂದ ಒಬ್ಬ ಸೈನಿಕ, ಯಾಕೆ ಹೊಡೆದೆ ಅಂತ ತನ್ನನ್ನೇ ಕೇಳಿಕೊಳ್ಳಲು ಶುರು ಮಾಡುತ್ತಾನೆ. ಇಷ್ಟು ತಲೆಯಲ್ಲಿಟ್ಟುಕೊಂಡು ಆಡಿದರೆ ಲೆವೆಲ್ ಏರಿಸುವುದಕ್ಕೇ ಅಂತ ಗಂಟೆಗಟ್ಟಲೆ ಕೂರಬೇಕಾಗಿಲ್ಲ.

ಮೊದಲು ವರ್ಷನ್ ಆರಿಸಿ

ಮೂಲ ಗೇಮ್ ಬಂದಿದ್ದು 1991ರ ಜುಲೈನಲ್ಲಿ, ಜಪಾನಿನ ಸೂಪರ್ ಫ್ಯಾಮಿಕಾಮ್‌ನಲ್ಲಿ. ಮಾಡಿದ ಕಂಪನಿ ಸ್ಕ್ವೇರ್, ನಿರ್ದೇಶಕ ಹಿರೋನೊಬು ಸಕಾಗುಚಿ, ಸಂಗೀತ ನೊಬುವೊ ಉಯೆಮಾಟ್ಸು. ಅದೇ ವರ್ಷ ಅಮೆರಿಕಕ್ಕೆ ಹೋದಾಗ ಹೆಸರು ಫೈನಲ್ ಫ್ಯಾಂಟಸಿ 2 ಆಯಿತು, ಯಾಕೆಂದರೆ ನಿಜವಾದ 2 ಮತ್ತು 3 ಆಗ ಅಲ್ಲಿಗೆ ಹೋಗಿಯೇ ಇರಲಿಲ್ಲ. ಗೇಮನ್ನೂ ಸುಲಭ ಮಾಡಿದ್ದರು, ಕೆಲವು ಐಟಂ ಮತ್ತು ಕಮಾಂಡ್ ತೆಗೆದುಹಾಕಿದ್ದರು. ಹಳೆಯ ವಿಡಿಯೋದಲ್ಲಿ 2 ಅಂತ ಇದ್ದು ಒಳಗೆ ಈ ಕಥೆಯ ನಾಯಕ ಸೆಸಿಲ್ ಕಂಡರೆ ಗಾಬರಿಯಾಗಬೇಡಿ, ಅದು ಇದೇ ಗೇಮ್.

ಆಮೇಲೆ ಇದನ್ನು ಎಷ್ಟು ಸಲ ಹೊಸದಾಗಿ ತಂದರು ಅಂದರೆ, ಲೆಕ್ಕ ಇಡುವುದೇ ಕಷ್ಟ. 1997ರಲ್ಲಿ ಪ್ಲೇಸ್ಟೇಷನ್, 2002ರಲ್ಲಿ ವಂಡರ್‌ಸ್ವಾನ್ ಕಲರ್, 2005ರಲ್ಲಿ ಗೇಮ್ ಬಾಯ್ ಅಡ್ವಾನ್ಸ್, 2007ರಲ್ಲಿ ನಿಂಟೆಂಡೊ ಡಿಎಸ್‌ಗೆ ಪೂರ್ತಿ 3ಡಿ, 2011ರಲ್ಲಿ ಪಿಎಸ್‌ಪಿ, 2021ರಲ್ಲಿ ಪಿಕ್ಸೆಲ್ ರೀಮಾಸ್ಟರ್. ಇವತ್ತು ಹೊಸದಾಗಿ ಶುರು ಮಾಡುವವರ ಮುಂದೆ ನಿಜವಾಗಿ ಇರುವುದು ಎರಡೇ ದಾರಿ.

ಒಂದು, ಪಿಕ್ಸೆಲ್ ರೀಮಾಸ್ಟರ್. ಫೋನು, ಕಂಪ್ಯೂಟರಿಗೆ ಸ್ಟೀಮ್, ಸ್ವಿಚ್, ಪ್ಲೇಸ್ಟೇಷನ್ 4 ಎಲ್ಲದರಲ್ಲೂ ಸಿಗುತ್ತದೆ. ಹಳೆಯ 2ಡಿ ರೂಪವನ್ನೇ ತಿದ್ದಿ ತೀಡಿದ್ದಾರೆ, ಸಂಗೀತವನ್ನು ಹೊಸದಾಗಿ ನುಡಿಸಿದ್ದಾರೆ. ಎಲ್ಲಿ ಬೇಕಾದರೂ ಕ್ವಿಕ್ ಸೇವ್ ಮಾಡಬಹುದು. ಫೋನಿನಲ್ಲಿ ಆಡುವವರಿಗೆ ಇದು ದೊಡ್ಡ ಉಪಕಾರ, ಗುಹೆಯ ಮಧ್ಯದಲ್ಲಿ ಅಮ್ಮ ಕರೆದರೆ ಸೇವ್ ಮಾಡಿ ಎದ್ದು ಹೋಗಬಹುದು. ಮೊದಲ ಸಲ ಆಡುವವರು ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ.

ಇನ್ನೊಂದು 3ಡಿ. ಡಿಎಸ್‌ಗೆ ಬಂದಿದ್ದು ಆಮೇಲೆ ಫೋನಿಗೂ ಸ್ಟೀಮ್‌ಗೂ ಬಂತು. ಪಾತ್ರಗಳು ಬಾಯಿಬಿಟ್ಟು ಮಾತಾಡುತ್ತಾರೆ, ಕೆಲವು ದೃಶ್ಯಗಳು ಇದರಲ್ಲೇ ಜಾಸ್ತಿ ನಾಟುತ್ತವೆ. ಆದರೆ ಕಷ್ಟ. ನಿಜವಾಗಿಯೂ ಕಷ್ಟ. ಬಾಸ್‌ಗಳ ವರ್ತನೆ ಬದಲಾಗಿದೆ, ಪೆಟ್ಟು ಜೋರು. ಇದರಲ್ಲಿ ಆಗ್ಮೆಂಟ್ ಅಂತ ಒಂದು ಪದ್ಧತಿ ಇದೆ, ಒಬ್ಬರ ವಿದ್ಯೆಯನ್ನು ಇನ್ನೊಬ್ಬರಿಗೆ ಕೊಡುವುದು. ಇಲ್ಲಿ ಮನಸ್ಸಿಗೆ ಬಾರದ ಒಂದು ವಿಷಯ ಇದೆ, ಮೊದಲೇ ಹೇಳುತ್ತೇನೆ. ಮಧ್ಯದಲ್ಲಿ ಬಿಟ್ಟು ಹೋಗುವ ಪಾತ್ರಗಳಿಗೆ ಆಗ್ಮೆಂಟ್ ಕೊಟ್ಟರೆ, ಅವರು ಹೋಗುವಾಗ ಜಾಸ್ತಿ ಆಗ್ಮೆಂಟ್ ಬಿಟ್ಟು ಹೋಗುತ್ತಾರೆ. ಕೊಡದೆ ಇಟ್ಟುಕೊಂಡವರಿಗೆ ಕೊನೆಗೆ ಕಮ್ಮಿ ಸಿಗುತ್ತದೆ. ಎರಡನೇ ಸಲ ಆಡುವಾಗ ಈ ವರ್ಷನ್ ತಗೊಳ್ಳಿ.

ಗೇಮ್ ಬಾಯ್ ವರ್ಷನ್‌ನಲ್ಲಿ ಒಂದು ಚೆಂದದ ಸಂಗತಿ ಇತ್ತು. ಕೊನೆಯ ಹಂತದಲ್ಲಿ ಪಾರ್ಟಿಯಲ್ಲಿ, ಅಂದರೆ ನಿಮ್ಮ ತಂಡದಲ್ಲಿ, ಯಾರಿರಬೇಕು ಅಂತ ನೀವೇ ಆರಿಸಬಹುದಿತ್ತು, ಹೆಚ್ಚುವರಿ ಗುಹೆಗಳೂ ಇದ್ದವು. ಪಿಕ್ಸೆಲ್ ರೀಮಾಸ್ಟರ್‌ನಲ್ಲಿ ಅವೆರಡನ್ನೂ ಬಿಟ್ಟರು. ನನಗೆ ಇವತ್ತಿಗೂ ಅದರ ಬೇಜಾರಿದೆ.

ಆಡುವ ಮುಂಚೆ ಎರಡು ಸೆಟ್ಟಿಂಗ್

ಈ ಗೇಮ್‌ನಲ್ಲೇ ಎಟಿಬಿ (ಆಕ್ಟಿವ್ ಟೈಮ್ ಬ್ಯಾಟಲ್) ಅನ್ನುವ ಯುದ್ಧ ಪದ್ಧತಿ ಮೊದಲು ಬಂದಿದ್ದು. ಹಿರೊಯುಕಿ ಇಟೊ ಅನ್ನುವವರು ರೂಪಿಸಿದ್ದು. ನಿಮ್ಮ ಸರದಿ, ಅವರ ಸರದಿ ಅಂತ ಇಲ್ಲ, ಗಡಿಯಾರ ಓಡುತ್ತಲೇ ಇರುತ್ತದೆ. ನೀವು ಯೋಚಿಸುತ್ತಾ ಕೂತರೆ ಎದುರಾಳಿ ಕಾಯುವುದಿಲ್ಲ. ಅದಕ್ಕೇ ಮೆನುವಿನ ಕಾನ್ಫಿಗ್‌ಗೆ ಹೋಗಿ ಆಕ್ಟಿವ್ ಬದಲು ವೇಟ್ ಅಂತ ಇಡಿ. ಆಗ ಮ್ಯಾಜಿಕ್ ಅಥವಾ ಐಟಂ ಪಟ್ಟಿ ತೆರೆದಿರುವಾಗ ಸಮಯ ನಿಲ್ಲುತ್ತದೆ. ಇಂಗ್ಲಿಷ್ ಹೆಸರುಗಳನ್ನು ಓದಿ ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುವವರಿಗೆ ಇದು ಬೇಕೇ ಬೇಕು. ಗೇಮ್ ಕನ್ನಡದಲ್ಲಿ ಇಲ್ಲ.

ಎರಡನೆಯದು ಸಾಲು. ಐದು ಜನರ ಪಾರ್ಟಿಯಲ್ಲಿ ಮೂವರು ಮುಂದೆ ಇಬ್ಬರು ಹಿಂದೆ, ಇಲ್ಲವೇ ಇಬ್ಬರು ಮುಂದೆ ಮೂವರು ಹಿಂದೆ. ಹಿಂದಿನವರಿಗೆ ಕತ್ತಿ, ಉಗುರಿನ ಪೆಟ್ಟು ಕಮ್ಮಿ ಬೀಳುತ್ತದೆ. ಮ್ಯಾಜಿಕ್‌ನವರು, ಬಿಲ್ಲು ಹಿಡಿದವರು ಹಿಂದೆ. ಕತ್ತಿ ಹಿಡಿದವರು ಮುಂದೆ. ಹೊಸಬರು ಪಾರ್ಟಿಗೆ ಬಂದಾಗಲೆಲ್ಲ ಮೆನು ತೆರೆದು ನೋಡಿ, ಯಾಕೆಂದರೆ ಈ ಗೇಮ್‌ನಲ್ಲಿ ಜನ ಬರುತ್ತಾ ಹೋಗುತ್ತಾ ಇರುತ್ತಾರೆ. ಒಟ್ಟು 12 ಪಾತ್ರಗಳು ನಿಮ್ಮ ಕೈಗೆ ಬರುತ್ತವೆ.

ಪಕ್ಕದಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಬಾಸ್‌ಗೆ ಬೆಂಕಿ, ಯಾವುದಕ್ಕೆ ಸಿಡಿಲು, ಇಷ್ಟು ಬರೆದರೆ ಸಾಕು.

ಬ್ಯಾರನ್‌ನಿಂದ ಫಾಬುಲ್ ತನಕ

ಸೆಸಿಲ್ ಬ್ಯಾರನ್ ರಾಜ್ಯದ ಹಾರುವ ಹಡಗುಗಳ ಪಡೆಯ ನಾಯಕ, ಕಪ್ಪು ಕವಚದ ಡಾರ್ಕ್ ನೈಟ್. ರಾಜನ ಮಾತಿಗೆ ಮಿಸಿಡಿಯಾ ಊರಿನ ಮೇಲೆ ಬಿದ್ದು ಕ್ರಿಸ್ಟಲ್ ಕಿತ್ತುಕೊಂಡು ಬರುತ್ತಾನೆ. ಇದು ಸರಿಯಾ ಅಂತ ಕೇಳಿದ್ದಕ್ಕೆ ಪದವಿ ಹೋಗುತ್ತದೆ. ಗೆಳೆಯ ಕೇನ್ ಜೊತೆ ಒಂದು ಉಂಗುರವನ್ನು ಮಿಸ್ಟ್ ಹಳ್ಳಿಗೆ ತಲುಪಿಸಿ ಬಾ ಅಂತ ಕಳಿಸುತ್ತಾರೆ.

ದಾರಿಯಲ್ಲೇ ಆ ಮಂಜಿನ ಡ್ರ್ಯಾಗನ್. ಸರಿಯಾಗಿ ಆಡುವುದು ಹೀಗೆ. ಅದು ಡ್ರ್ಯಾಗನ್ ರೂಪದಲ್ಲಿರುವಾಗ ಇಬ್ಬರೂ ಹೊಡೆಯಿರಿ. ಮಂಜಾಯಿತು ಅಂದ ತಕ್ಷಣ ನಿಲ್ಲಿಸಿ, ಬೇಕಿದ್ದರೆ ಪೋಶನ್ ಕುಡಿಯಿರಿ, ಇಲ್ಲ ಡಿಫೆಂಡ್ ಮಾಡಿ. ಕೇನ್‌ನ ಜಂಪ್ ಕಮಾಂಡ್ ಬಗ್ಗೆ ಹುಷಾರು. ಅವನು ಹಾರಿ ಕೆಳಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಹಾರುವಾಗ ಡ್ರ್ಯಾಗನ್ ಇದ್ದದ್ದು ಇಳಿಯುವಾಗ ಮಂಜಾಗಿರಬಹುದು. ಪಿಕ್ಸೆಲ್ ರೀಮಾಸ್ಟರ್‌ನ ಆಟೋ ಬ್ಯಾಟಲ್ ಇಲ್ಲಿ ಆಫ್ ಇರಲಿ. ಅದು ಹಿಂದಿನ ಕಮಾಂಡನ್ನೇ ಕಣ್ಣು ಮುಚ್ಚಿ ಮಾಡುತ್ತಾ ಹೋಗುತ್ತದೆ, ಮಂಜಿನ ಮೇಲೂ ಕತ್ತಿ ಬೀಸುತ್ತದೆ.

ಡ್ರ್ಯಾಗನ್ ಸತ್ತ ಮೇಲೆ ಹಳ್ಳಿಗೆ ಹೋದರೆ ಉಂಗುರ ತಾನಾಗಿ ತೆರೆದುಕೊಂಡು ಬೆಂಕಿ ಕಾರುತ್ತದೆ, ಹಳ್ಳಿ ಸುಟ್ಟುಹೋಗುತ್ತದೆ. ಅಲ್ಲೊಂದು ಪುಟ್ಟ ಹುಡುಗಿ ಅಳುತ್ತಾ ನಿಂತಿರುತ್ತಾಳೆ. ಅವಳ ಅಮ್ಮ ಸತ್ತಿದ್ದಾಳೆ, ಯಾಕೆಂದರೆ ಆ ಡ್ರ್ಯಾಗನ್ನನ್ನು ಕರೆದದ್ದು ಅವಳು, ಅದು ಸತ್ತಾಗ ಅವಳ ಜೀವವೂ ಹೋಯಿತು. ಈಗಷ್ಟೇ ಗೆದ್ದೆ ಅಂತ ಖುಷಿಪಟ್ಟಿದ್ದೆವಲ್ಲ, ಆ ಗೆಲುವು ಇದು. ಆ ಹುಡುಗಿಯೇ ರಿಡಿಯಾ. ಮುಂದೆ ನಿಮ್ಮ ಪಾರ್ಟಿಯಲ್ಲಿ ಕಪ್ಪು ಮ್ಯಾಜಿಕ್ ಅವಳದ್ದೇ.

ಕೈಪೋ ಊರಿನಲ್ಲಿ ಸೆಸಿಲ್ ಪ್ರೀತಿಸುವ ರೋಸಾ ಜ್ವರದಿಂದ ಮಲಗಿರುತ್ತಾಳೆ. ಅವಳಿಗೆ ಮದ್ದು ತರಲು ನೆಲದಡಿಯ ನೀರಿನ ದಾರಿ ದಾಟಬೇಕು. ಅಲ್ಲಿ ಟೆಲ್ಲಾ ಅನ್ನುವ ಮುದುಕ ಮಂತ್ರವಾದಿ ಜೊತೆಯಾಗುತ್ತಾರೆ. ಕೊನೆಯಲ್ಲಿರುವ ಎಂಟು ಕಾಲಿನ ಆಕ್ಟೊಮ್ಯಾಮ್‌ಗೆ ಸಿಡಿಲಿನ ಮ್ಯಾಜಿಕ್ ಹಾಕಿ, ಬೇಗ ಮುಗಿಯುತ್ತದೆ. ಎಡ್ವರ್ಡ್ ಬಂದಾಗ ಹಿಂದಿನ ಸಾಲಿಗೆ ಹಾಕಿ. ಅವನು ಮೃದು ಮನಸ್ಸಿನ ರಾಜಕುಮಾರ, ಪೆಟ್ಟು ತಡೆಯಲಾರ. ಬಹಳ ಜನ ಅವನನ್ನು ಬೈಯುತ್ತಾರೆ. ಕಣ್ಣೆದುರೇ ಪ್ರೀತಿಸಿದವಳನ್ನು ಕಳೆದುಕೊಂಡ ಹುಡುಗ ಅವನು. ಮುಂದೆ ಟ್ರೋಯಾದಲ್ಲಿ ಅವನ ವೀಣೆಯಂಥ ವಾದ್ಯ ಏನು ಮಾಡುತ್ತದೆ ನೋಡಿ, ಆಮೇಲೆ ಹೇಳಿ.

ಹಾಬ್ಸ್ ಬೆಟ್ಟದ ಬಾಗಿಲಲ್ಲಿ ದಾರಿಗೆ ಹಿಮ ಅಡ್ಡ ಇರುತ್ತದೆ. ಕರಗಿಸಲು ಬೆಂಕಿ ಬೇಕು. ರಿಡಿಯಾಗೆ ಬೆಂಕಿ ಮ್ಯಾಜಿಕ್ ಇಲ್ಲ, ಕಲಿಯುವುದಕ್ಕೂ ಒಪ್ಪುವುದಿಲ್ಲ, ಅವಳ ಊರು ಸುಟ್ಟದ್ದು ಬೆಂಕಿಯಿಂದ ತಾನೇ. ರೋಸಾ ಅವಳ ಹತ್ತಿರ ಹೋಗಿ ಮಾತಾಡುತ್ತಾಳೆ. ಪುಟ್ಟ ಪಿಕ್ಸೆಲ್ ಹುಡುಗಿ ತಲೆ ತಗ್ಗಿಸಿ ನಿಲ್ಲುತ್ತಾಳೆ, ಆಮೇಲೆ ಹಿಮದ ಕಡೆ ತಿರುಗುತ್ತಾಳೆ. ದಯವಿಟ್ಟು ಇಲ್ಲಿ ಬಟನ್ ಒತ್ತುತ್ತಾ ಮಾತು ಹಾರಿಸಬೇಡಿ. ಹಾಗೆ ಸಿಕ್ಕ ಬೆಂಕಿ ಮ್ಯಾಜಿಕ್ಕು ಮುಂದೆ ಎಷ್ಟೋ ಕಡೆ ನಿಮ್ಮನ್ನು ಕಾಪಾಡುತ್ತದೆ.

ಪರೀಕ್ಷೆಯ ಬೆಟ್ಟ: ಇಲ್ಲಿ ನಿಧಾನಕ್ಕೆ

ಬೆಟ್ಟದಾಚೆಯ ಫಾಬುಲ್ ರಾಜ್ಯ ಆದ ಮೇಲೆ ಹಡಗು ಮುಳುಗಿ ಸೆಸಿಲ್ ಒಬ್ಬನೇ ದಡ ಸೇರುತ್ತಾನೆ. ಅದೂ ತಾನೇ ಲೂಟಿ ಮಾಡಿದ ಮಿಸಿಡಿಯಾಗೆ. ಊರಿನವರ ಹತ್ತಿರ ಮಾತಾಡಿ ನೋಡಿ, ಯಾರೂ ಮರೆತಿಲ್ಲ. ಅಲ್ಲಿಂದ ಪಾಲಮ್, ಪೋರಮ್ ಅನ್ನುವ ಅವಳಿ ಮಕ್ಕಳ ಜೊತೆ ಪರೀಕ್ಷೆಯ ಬೆಟ್ಟಕ್ಕೆ ಹೋಗಬೇಕು.

ಈ ಬೆಟ್ಟದಲ್ಲಿ ಸತ್ತು ಎದ್ದ ಹೆಣಗಳೇ ಜಾಸ್ತಿ. ಸೆಸಿಲ್‌ನ ಕಪ್ಪು ಕತ್ತಿ ಅವುಗಳಿಗೆ ಸರಿಯಾಗಿ ತಾಗುವುದಿಲ್ಲ. ಪಾಲಮ್‌ನ ಬೆಂಕಿಯೇ ಆಧಾರ, ಪೋರಮ್‌ನ ಗುಣಪಡಿಸುವ ಮ್ಯಾಜಿಕ್ ಕೂಡ ಅವುಗಳಿಗೆ ಪೆಟ್ಟಾಗಿ ಬೀಳುತ್ತದೆ. ಬೆಟ್ಟದ ಮೇಲಿನ ಸೇವ್ ಪಾಯಿಂಟ್‌ನಲ್ಲಿ ಟೆಂಟ್ ಹಾಕಿ ಎಲ್ಲರ ಎಂಪಿ (ಮ್ಯಾಜಿಕ್ ಹಾಕಲು ಬೇಕಾದ ಶಕ್ತಿ) ತುಂಬಿಸಿಕೊಳ್ಳಿ. ಉಳಿಸಿಟ್ಟ ಟೆಂಟ್‌ನಿಂದ ಏನೂ ಉಪಯೋಗ ಇಲ್ಲ.

ಸ್ಕಾರ್ಮಿಲಿಯೋನೆ ಇಲ್ಲಿನ ಬಾಸ್. ಒಂದು ಸಲ ಸೋಲಿಸಿದ ಮೇಲೆ ಮುಗಿಯಿತು ಅಂದುಕೊಂಡು ಸೇತುವೆ ದಾಟಲು ಹೋದರೆ ಹಿಂದಿನಿಂದ ಬರುತ್ತಾನೆ. ಹಿಂದಿನಿಂದ ಬಂದಾಗ ಸಾಲು ತಿರುಗುಮುರುಗು ಆಗುತ್ತದೆ, ಮಕ್ಕಳಿಬ್ಬರೂ ಮುಂದೆ, ಸೆಸಿಲ್ ಹಿಂದೆ. ಇದಕ್ಕೆ ಒಂದು ಉಪಾಯ. ಮೊದಲ ಯುದ್ಧ ಗೆದ್ದು ಸೇತುವೆಗೆ ಕಾಲಿಡುವ ಮುಂಚೆ ಮೆನು ತೆರೆಯಿರಿ, ಎಲ್ಲರಿಗೂ ಮದ್ದು ಮಾಡಿ, ಸಾಲನ್ನು ಬೇಕಂತಲೇ ಉಲ್ಟಾ ಇಡಿ. ಅವನು ಬಂದಾಗ ತಾನಾಗಿ ನೇರವಾಗುತ್ತದೆ. ಆಮೇಲೆ ಬೆಂಕಿ ಹಾಕುತ್ತಾ ಹೋಗಿ.

ಈಗ ಕನ್ನಡಿಯ ಕೋಣೆ. ಸೆಸಿಲ್ ಪ್ಯಾಲಡಿನ್, ಅಂದರೆ ಬೆಳಕಿನ ಯೋಧ ಆಗುತ್ತಾನೆ, ಕನ್ನಡಿಯಿಂದ ಅವನದೇ ಹಳೆಯ ಕಪ್ಪು ರೂಪ ಹೊರಬಂದು ಎದುರು ನಿಲ್ಲುತ್ತದೆ.

ನನ್ನ ತಂಗಿಗೆ ಈ ಗೇಮ್ ಫೋನಿನಲ್ಲಿ ಹಾಕಿಕೊಟ್ಟಿದ್ದೆ. ಇಲ್ಲಿಗೆ ಬಂದಾಗ ಒಂದೇ ಸಮ ಹೊಡೆಯುತ್ತಿದ್ದಳು. "ಅಕ್ಕಾ, ಎಷ್ಟು ಹೊಡೆದರೂ ಇವನು ಮುಗೀತಾನೇ ಇಲ್ಲ" ಅಂದಳು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪರದೆಯ ಮೇಲೆ ಬಂದ ಮಾತನ್ನು ಎರಡು ಸಲ ಓದಿದಳು. "ಸುಮ್ನೆ ಇರಬೇಕಾ?" ಅಂತ ಕೇಳಿ ಹೆಬ್ಬೆರಳನ್ನು ಪರದೆಯಿಂದ ಎತ್ತಿದಳು. ಕಪ್ಪು ಸೆಸಿಲ್ ಹೊಡೆಯುತ್ತಲೇ ಇದ್ದ, ಬಿಳಿ ಸೆಸಿಲ್ ತಡೆದುಕೊಳ್ಳುತ್ತಿದ್ದ. ಯುದ್ಧ ಮುಗಿಯಿತು. ಅವಳು ಫೋನು ಮಡಿಲಲ್ಲಿಟ್ಟುಕೊಂಡು ಸುಮಾರು ಹೊತ್ತು ಮಾತಾಡಲಿಲ್ಲ.

ನೀವು ಮಾಡಬೇಕಾದ್ದೂ ಅಷ್ಟೇ. ಡಿಫೆಂಡ್ ಮಾಡಿ. ಎಚ್‌ಪಿ (ಉಳಿದಿರುವ ಜೀವಶಕ್ತಿ) ಕಮ್ಮಿಯಾದರೆ ಪೋಶನ್ ಹಾಕಿ. ಕತ್ತಿ ಎತ್ತಬೇಡಿ.

ಇದಾದ ಮೇಲೆ ಸೆಸಿಲ್ ಲೆವೆಲ್ 1. ಹೆದರಬೇಡಿ, ಬೆಟ್ಟ ಇಳಿಯುವ ಹೊತ್ತಿಗೇ ಸರಸರ ಏರುತ್ತಾನೆ. ಹಳೆಯ ಕಪ್ಪು ಕವಚ ಇನ್ನು ಅವನಿಗೆ ಆಗುವುದಿಲ್ಲ, ಮಾರಿಬಿಡಿ. ಪ್ಯಾಲಡಿನ್ ಹಾಕುವ ಕವಚ ಮಿಸಿಡಿಯಾದ ಅಂಗಡಿಯಲ್ಲೇ ಸಿಗುತ್ತದೆ.

ಟೆಲ್ಲಾಗೆ ಇಲ್ಲಿ ಮೀಟಿಯೊ ಅನ್ನುವ ಭಾರೀ ಮ್ಯಾಜಿಕ್ ನೆನಪಾಗುತ್ತದೆ. ಅದನ್ನು ಹಾಕಲು 99 ಎಂಪಿ ಬೇಕು, ಆದರೆ ಅವರ ಎಂಪಿ 90ರ ಮೇಲೆ ಏರುವುದೇ ಇಲ್ಲ. ಲೆವೆಲ್ ಏರಿಸಿದರೆ ಹಾಕಬಹುದೇನೋ ಅಂತ ದಿನಗಟ್ಟಲೆ ಸುತ್ತಬೇಡಿ. ಆ ಲೆಕ್ಕವನ್ನು ಬೇಕಂತಲೇ ಹಾಗೆ ಇಟ್ಟಿದ್ದಾರೆ. ಯಾಕೆ ಅನ್ನೋದನ್ನು ಕಥೆ ಹೇಳುತ್ತದೆ, ನಾನು ಹೇಳುವುದಿಲ್ಲ.

ಬ್ಯಾರನ್ ಮತ್ತೆ, ಟ್ರೋಯಾ, ಜೋಟ್

ಇಲ್ಲಿಂದ ವೇಗವಾಗಿ ಹೋಗಬಹುದು. ಬ್ಯಾರನ್‌ನಲ್ಲಿ ಕಾನ್ಯಾಜೊ ನೀರನ್ನು ಗೋಡೆಯಂತೆ ಸುತ್ತಿಕೊಳ್ಳುತ್ತಾನೆ. ಆಗ ಸಿಡಿಲು ಹಾಕಿದರೆ ಗೋಡೆ ಒಡೆಯುತ್ತದೆ. ಹಾಕದಿದ್ದರೆ ಆ ನೀರೆಲ್ಲ ನಿಮ್ಮ ಮೇಲೆ ಬರುತ್ತದೆ. ಈ ಯುದ್ಧಕ್ಕೆ ಮುಂಚೆ ಅವಳಿ ಮಕ್ಕಳ ಮೈಮೇಲಿನ ಒಳ್ಳೆಯ ಸಾಮಾನು ಇದ್ದರೆ ನೆನಪಲ್ಲಿಟ್ಟುಕೊಳ್ಳಿ. ಕಾರಣ ಆಮೇಲೆ ತಿಳಿಯುತ್ತದೆ.

ಟ್ರೋಯಾದ ಅಯಸ್ಕಾಂತದ ಗುಹೆಯಲ್ಲಿ ಲೋಹದ ಸಾಮಾನು ಹಾಕಿದವರು ಯುದ್ಧದಲ್ಲಿ ಅಲ್ಲಾಡಲು ಆಗುವುದಿಲ್ಲ. ಒಳಗೆ ಹೋಗುವ ಮುಂಚೆ ಕತ್ತಿ, ಕವಚ ಎಲ್ಲ ಬಿಚ್ಚಿ. ಸೆಸಿಲ್‌ಗೆ ಬಿಲ್ಲು ಬಾಣ ಕೊಡಿ. ಹಾರುವ ಹಡಗು ಕಟ್ಟುವ ಸಿಡ್ ಪಾರ್ಟಿಗೆ ಬರುವಾಗಲೇ ಅವರ ಕೈಲಿರುವ ಮರದ ಸುತ್ತಿಗೆ ಸಾಕು. ಹೊರಗೆ ಬಂದ ಮೇಲೆ ಮತ್ತೆ ಹಾಕಿಕೊಳ್ಳುವುದನ್ನು ಮರೆಯಬೇಡಿ, ನಾನು ಮರೆತು ಬಯಲಲ್ಲಿ ಒಂದು ಪಾರ್ಟಿ ಕಳೆದುಕೊಂಡಿದ್ದೇನೆ.

ಜೋಟ್ ಗೋಪುರದಲ್ಲಿ ಮೂವರು ಅಕ್ಕತಂಗಿಯರು. ಮೊದಲು ದಪ್ಪನೆಯ ಸಿಂಡಿಯನ್ನು ಮುಗಿಸಿ, ಬಿದ್ದವರನ್ನು ಎಬ್ಬಿಸುವವಳು ಅವಳೇ. ಆಮೇಲೆ ಬರುವ ಬಾರ್ಬರಿಚಾ ಸುಂಟರಗಾಳಿಯಾಗಿ ಸುತ್ತುತ್ತಾಳೆ. ಮಿಸ್ಟ್ ಗುಹೆಯಲ್ಲಿ ಕೈಕೊಟ್ಟ ಕೇನ್‌ನ ಜಂಪ್ ಇಲ್ಲಿ ಬೇಕೇ ಬೇಕು, ಅವನು ಮೇಲಿಂದ ಬಿದ್ದರೆ ಸುತ್ತುವುದು ನಿಲ್ಲುತ್ತದೆ.

ಕಾಯುವ ಯುದ್ಧ, ಕಾಯಬಾರದ ಯುದ್ಧ

ಬಾಬಿಲ್ ಗೋಪುರದ ರುಬಿಕಾಂಟೆ ನನಗೆ ಇಡೀ ಗೇಮ್‌ನಲ್ಲೇ ಇಷ್ಟದ ಎದುರಾಳಿ. ಯುದ್ಧಕ್ಕೆ ಮುಂಚೆ ನಿಮ್ಮೆಲ್ಲರ ಎಚ್‌ಪಿ, ಎಂಪಿ ಅವನೇ ತುಂಬಿಸಿಕೊಡುತ್ತಾನೆ. ಬೆಂಕಿಯ ಒಡೆಯ, ಮೈಮೇಲೆ ಒಂದು ದೊಡ್ಡ ಮೇಲಂಗಿ. ಅದು ಮುಚ್ಚಿರುವಾಗ ಹಿಮದ ಮ್ಯಾಜಿಕ್ ಹಾಕಿ ಎಂಪಿ ಹಾಳು ಮಾಡಬೇಡಿ. ಅವನು ದಾಳಿಗೆ ಮೇಲಂಗಿ ತೆರೆಯುತ್ತಾನೆ, ಚಿತ್ರದಲ್ಲೇ ಕಾಣುತ್ತದೆ. ಆಗ ರಿಡಿಯಾ ಹಿಮ ಹಾಕಬೇಕು. ಮ್ಯಾಜಿಕ್ ಹೊರಡಲು ಸ್ವಲ್ಪ ಹೊತ್ತು ಬೇಕು ಅನ್ನೋದು ನೆನಪಿರಲಿ, ಅದಕ್ಕೇ ಅವಳ ಸರದಿ ಬಂದರೂ ಕಮಾಂಡ್ ಕೊಡದೆ ಮೇಲಂಗಿಯನ್ನೇ ನೋಡುತ್ತಾ ಕಾಯಿರಿ.

ಇದಕ್ಕೆ ಉಲ್ಟಾ ಮುಚ್ಚಿದ ಗುಹೆಯ ಡೀಮನ್ ವಾಲ್. ಗೋಡೆ ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬರುತ್ತದೆ, ತೀರಾ ಹತ್ತಿರ ಬಂದಾಗ ಒಬ್ಬೊಬ್ಬರನ್ನೇ ಜಜ್ಜುತ್ತದೆ. ಇಷ್ಟು ಹೊತ್ತು ಕಾಯಲು ಕಲಿಸಿ ಇಲ್ಲಿ ಕಾದರೆ ಸಾಯಿಸುತ್ತದೆ. ರೋಸಾ ಮೊದಲು ಗೋಡೆಗೆ ವೇಗ ತಗ್ಗಿಸುವ ಸ್ಲೋ ಹಾಕಲಿ, ಆಮೇಲೆ ಸೆಸಿಲ್‌ಗೆ ವೇಗ ಹೆಚ್ಚಿಸುವ ಹೇಸ್ಟ್. ಉಳಿದವರು ಇದ್ದಬದ್ದ ಶಕ್ತಿಯಲ್ಲಿ ಹೊಡೆಯಿರಿ, ಎಂಪಿ ಉಳಿಸಬೇಡಿ. ಆ ಗುಹೆಯ ಬಾಗಿಲುಗಳೇ ರಾಕ್ಷಸರು, ಒಂದೇ ಏಟಿಗೆ ಒಬ್ಬರನ್ನು ಕೊಲ್ಲಬಲ್ಲವು. ಪ್ರತಿ ಬಾಗಿಲಿಗೆ ಮುಂಚೆ ಸೇವ್ ಮಾಡಿ.

ಮುಂದೆ ಬರುವ ಬಾಬಿಲ್‌ನ ಯಂತ್ರದೈತ್ಯನ ಒಳಗಿನ ಸಿಪಿಯುಗೆ ಎರಡು ಗೋಳಗಳ ಕಾವಲು. ಗುಣಪಡಿಸುವ ಡಿಫೆನ್ಸ್ ಗೋಳವನ್ನು ಮೊದಲು ಒಡೆಯಿರಿ. ಅಟ್ಯಾಕ್ ಗೋಳವನ್ನು ಹಾಗೇ ಬಿಟ್ಟು ನೇರ ಸಿಪಿಯು ಮೇಲೆ ಹೋಗಿ. ಎರಡೂ ಒಡೆದರೆ ಅದು ಹಾಕುವ ಒಂದು ಏಟು 9999.

ಚಂದ್ರನಿಗೆ ಹೋದ ಮೇಲೆ

ಕೊನೆಯ ಗುಹೆಗೆ ಇಳಿಯುವ ಮುಂಚೆ ರಿಡಿಯಾಗೆ ದೊಡ್ಡ ಸಮನ್‌ಗಳನ್ನು, ಅಂದರೆ ಅವಳು ಯುದ್ಧಕ್ಕೆ ಕರೆಸುವ ಜೀವಿಗಳನ್ನು, ಸೋಲಿಸಿ ಸಂಪಾದಿಸಿ. ಪಾತಾಳದ ಸಮನ್‌ಗಳ ಊರಿನಲ್ಲಿ ಅಸುರಾ, ಲೆವಿಯಾಥನ್, ಬ್ಯಾರನ್ ಕೋಟೆಯ ನೆಲಮಾಳಿಗೆಯಲ್ಲಿ ಓಡಿನ್, ಚಂದ್ರನ ಮೇಲಿನ ಗುಹೆಯಲ್ಲಿ ಬಹಾಮುತ್.

ಬಹಾಮುತ್ 5ರಿಂದ ಕೆಳಗೆ ಎಣಿಸುತ್ತಾನೆ. ಎಣಿಕೆ ಮುಗಿದರೆ ಮೆಗಾ ಫ್ಲೇರ್, ಎಲ್ಲರೂ ನೆಲಕ್ಕೆ. ಇಲ್ಲೂ ಉತ್ತರ ಹೊಡೆತದಲ್ಲಿಲ್ಲ. ಎಲ್ಲರ ಮೇಲೂ ರಿಫ್ಲೆಕ್ಟ್ ಹಾಕಿದರೆ ಅವನ ಬೆಂಕಿ ಅವನಿಗೇ ವಾಪಸ್. ರೋಸಾ ಒಬ್ಬೊಬ್ಬರಿಗೇ ಹಾಕಬೇಕಾದ್ದರಿಂದ ಸಮಯ ಸಾಲದು, ಲೂನಾರ್ ಕರ್ಟನ್ ಐಟಂ ಇದ್ದವರು ಅದನ್ನೂ ಬಳಸಿ. ಮೊದಲು ಎಚ್‌ಪಿ ತುಂಬಿಸಿಕೊಳ್ಳಿ, ಯಾಕೆಂದರೆ ರಿಫ್ಲೆಕ್ಟ್ ಬಿದ್ದ ಮೇಲೆ ನಿಮ್ಮದೇ ಗುಣಪಡಿಸುವ ಮ್ಯಾಜಿಕ್ ಕೂಡ ಚಿಮ್ಮಿ ಅವನಿಗೆ ಹೋಗುತ್ತದೆ.

ಪಿಂಕ್ ಟೇಲ್ ಬಗ್ಗೆ ಕೇಳಿರಬಹುದು. ಕೊನೆಯ ಗುಹೆಯ ಒಂದು ಕೋಣೆಯಲ್ಲಿ ಸೈರನ್ ಐಟಂ ಬಳಸಿ ಫ್ಲಾನ್ ಪ್ರಿನ್ಸೆಸ್‌ಗಳನ್ನು ಕರೆಸಿ, ಅವು ಅಪರೂಪಕ್ಕೆ ಬೀಳಿಸುವ ಬಾಲವನ್ನು ಅಡಾಮಂಟ್ ಕವಚಕ್ಕೆ ಬದಲಿಸುವುದು. ಕವಚ ಅದ್ಭುತ, ಆದರೆ ಅದು ಬೀಳುವ ತನಕ ನಿಮಗೆ ಗೇಮ್ ಮೇಲಿನ ಪ್ರೀತಿಯೇ ಹೋಗಬಹುದು. ಮೊದಲ ಸಲ ಆಡುವವರು ಬಿಟ್ಟುಬಿಡಿ.

ಅದರ ಬದಲು ಕೊನೆಯ ಗುಹೆಯ ಪ್ರತಿ ಮೂಲೆ ಹುಡುಕಿ. ಸೆಸಿಲ್‌ನ ರಾಗ್ನರಾಕ್ ಕತ್ತಿ, ಕೇನ್‌ಗೆ ಹೋಲಿ ಲ್ಯಾನ್ಸ್, ನಿಂಜಾ ಎಡ್ಜ್‌ಗೆ ಮುರಾಸಮೆ, ಮಸಮುನೆ ಎಲ್ಲ ಅಲ್ಲೇ ಇವೆ, ಕೆಲವಕ್ಕೆ ಬಾಸ್‌ಗಳ ಕಾವಲಿದೆ. ಪಿಕ್ಸೆಲ್ ರೀಮಾಸ್ಟರ್‌ನಲ್ಲಿ ಇದನ್ನೆಲ್ಲ ಮುಗಿಸುವ ಹೊತ್ತಿಗೆ ಲೆವೆಲ್ 60ರ ಆಸುಪಾಸು ಇದ್ದರೆ ಧೈರ್ಯವಾಗಿ ಕೆಳಗೆ ಹೋಗಿ.

ಕೊನೆಯ ಬಾಸ್ ಜೀರೋಮಸ್ ಎದುರು ಮೊದಲು ನಿಂತಾಗ ಅವನು ಬರೀ ನೆರಳು. ಕತ್ತಿ, ಸಮನ್, ಮೀಟಿಯೊ ಯಾವುದೂ ತಾಗುವುದಿಲ್ಲ. ಎಲ್ಲರ ಕಮಾಂಡನ್ನೂ ತಡೆದು ಸೆಸಿಲ್‌ನ ಐಟಂ ಪಟ್ಟಿ ತೆರೆಯಿರಿ, ಕ್ರಿಸ್ಟಲ್ ಬಳಸಿ. ಆಗ ಅವನ ನಿಜವಾದ ರೂಪ ಹೊರಬರುತ್ತದೆ. ಅವನ ಬಿಗ್ ಬ್ಯಾಂಗ್ ದಾಳಿ ಬಿದ್ದಾಗಲೆಲ್ಲ ರೋಸಾ ಎಲ್ಲರಿಗೂ ಎಚ್‌ಪಿ ತುಂಬಿಸುವ ಕ್ಯುರಾಗಾ ಹಾಕಲಿ, ಅವಳಿಗೆ ಬೇರೆ ಯಾವ ಕೆಲಸವನ್ನೂ ಕೊಡಬೇಡಿ. ಬ್ಲ್ಯಾಕ್ ಹೋಲ್ ಹಾಕಿದ ಮೇಲೆ ಹೇಸ್ಟ್ ಹೋಗಿರುತ್ತದೆ, ನೋಡಿಕೊಂಡು ಮತ್ತೆ ಹಾಕಿ. ಉಳಿದ ನಾಲ್ವರು ಈಗ ಹೊಡೆಯಬಹುದು.